ನಾಲ್ಕನೆಯವನು ನಿಲ್ಲಲಿಲ್ಲ

ಕಾರ್ಖಾನೆಯ ಪ್ರೆಸ್ಸಿಗೆ ಸಿಕ್ಕಿ ಅತ್ತಿಗೆಯ ತೋರುಬೆರಳಿನ ತುದಿ ಜಜ್ಜಿಹೋಗಿ ಮೂರು ವಾರವಾದ ಮೇಲೆ ಆ ಪ್ರೆಸ್ಸಿನ ಕಂಟ್ರೋಲ್ ಪೆಟ್ಟಿಗೆ ನಮ್ಮ ಆಫೀಸಿಗೆ ಬಂತು. ಪೆಟ್ಟಿಗೆ ತಯಾರಿಸಿದ್ದು ನಮ್ಮ ಕಂಪನಿಯೇ. ಅದರೊಳಗಿನ ಪ್ರೋಗ್ರಾಮ್ ನೋಡಿಕೊಳ್ಳುವುದು ನನ್ನ ಮತ್ತು ಮೌನಿಯ ಕೆಲಸ. ಮೌನಿ ಅಂದರೆ ಪಕ್ಕದ ಮೇಜಿನವನು. ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೆ ಎಂದು ಯಾರೋ ಅವನನ್ನು ಚಿಕ್ಕಂದಿನಲ್ಲೇ ಹೆದರಿಸಿರಬೇಕು.

ಅತ್ತಿಗೆ ತಗಡಿನ ಡಬ್ಬಿಗಳಿಗೆ ಮುಚ್ಚಳ ಒತ್ತುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಪ್ರೆಸ್ಸಿನ ಮೇಲಿನ ಅಚ್ಚು ಇಳಿದು ತಗಡನ್ನು ಒತ್ತುತ್ತದೆ, ಏಳುತ್ತದೆ, ಮತ್ತೆ ಇಳಿಯುತ್ತದೆ. ಅವತ್ತು ಒಂದು ಮುಚ್ಚಳ ಒಳಗೇ ಸಿಕ್ಕಿಕೊಂಡಿತು. ಕಂಟ್ರೋಲ್ ಪೆಟ್ಟಿಗೆಯ ಪರದೆಯ ಮೇಲೆ ‘ಯಂತ್ರ ನಿಂತಿದೆ’ ಎಂದು ಬಂತಂತೆ. ಅತ್ತಿಗೆ ಮುಚ್ಚಳ ಎಳೆಯಲು ಕೈ ಹಾಕಿದರು, ಅಚ್ಚು ಇಳಿಯಿತು. ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಿದ್ದರಿಂದ ಬೆರಳ ತುದಿಗೆ ಮುಗಿಯಿತು. ಯಾರೋ ಓಡಿ ಮೇನ್ ಸ್ವಿಚ್ ಆರಿಸಿದರು. ಸೂಪರ್‌ವೈಸರ್ ಬರುವ ಹೊತ್ತಿಗೆ ಪ್ರೆಸ್ಸು ಏನೂ ಅರಿಯದ ಸಾಧುವಿನ ಹಾಗೆ ನಿಂತಿತ್ತು. “ತೂಕಡಿಸ್ತಿದ್ಲು, ಇನ್ನೇನು” ಎಂದುಬಿಟ್ಟ ಅವನು.

ಆ ಮಾತು ಮನೆಗೂ ಬಂತು. ಅಣ್ಣ ಅತ್ತಿಗೆಯ ಮಗುವಿಗೆ ಹಲ್ಲು ಬರುವ ಸಮಯ, ರಾತ್ರಿಯಿಡೀ ಅಳುತ್ತಿತ್ತು. ಅತ್ತಿಗೆಯ ಕಣ್ಣು ಕೆಂಪಾಗಿರುವುದನ್ನು ಎಲ್ಲರೂ ನೋಡಿದ್ದೆವು. “ನಿದ್ದೆ ಬಂದ್ರೆ ಯಾರೇನು ಮಾಡಕ್ಕಾಗತ್ತೆ, ಜೀವ ಉಳೀತಲ್ಲ” ಎಂದ ಅಣ್ಣ, ಬಲು ಉದಾರವಾಗಿ. ಅಮ್ಮನೂ ಹೂಂಗುಟ್ಟಿದಳು. ಅತ್ತಿಗೆ ಮೊದಲು ವಾದಿಸಿದರು. ಪರದೆಯ ಮೇಲೆ ಬಂದಿದ್ದನ್ನು ಓದಿದೆ ಎಂದರು. ಹತ್ತು ಜನ ಸೇರಿದರೆ ಹಗ್ಗವೂ ಹಾವೇ. ಕೊನೆಗೆ ಅವರೇ, “ಇದ್ರೂ ಇರಬಹುದು, ಕನಸಲ್ಲಿ ಓದಿದ್ನೋ ಏನೋ” ಎಂದು ಸುಮ್ಮನಾದರು. ಬರುವ ಸೋಮವಾರದಿಂದ ಅವರು ಮತ್ತೆ ಅದೇ ಪ್ರೆಸ್ಸಿನ ಮುಂದೆ ನಿಲ್ಲಬೇಕಿತ್ತು.

“ಪೆಟ್ಟಿಗೆ ಒಂದ್ಸಲ ಓಡ್ಸಿ, ದೋಷ ಇಲ್ಲ ಅಂತ ಹೇಳಿ ಕಳ್ಸಿಬಿಡಿ” ಎಂದರು ಮ್ಯಾನೇಜರ್. ಅವರು ಪರೀಕ್ಷೆಗೆ ಮುಂಚೆಯೇ ಫಲಿತಾಂಶ ಹೇಳುವ ಜಾತಿ.

ಹಿಂದಿನ ಕೋಣೆಯಲ್ಲಿ ನಮ್ಮದೇ ಒಂದು ಸಣ್ಣ ಪ್ರೆಸ್ಸಿದೆ. ಪೆಟ್ಟಿಗೆಯನ್ನು ಅದಕ್ಕೆ ಜೋಡಿಸಿದೆವು. ಪೆಟ್ಟಿಗೆಯಲ್ಲಿ ಮಿದುಳಿನ ಹಾಗೆ ಲೆಕ್ಕ ಹಾಕುವ ನಾಲ್ಕು ಪ್ರೊಸೆಸರ್‌ಗಳಿವೆ. ನಾಲ್ಕನೆಯದರ ಪಾಲಿಗೆ ಅಚ್ಚನ್ನು ಇಳಿಸುವ, ಏರಿಸುವ ಕೆಲಸ. ಈ ನಾಲ್ವರಿಗೂ ಕೆಲಸ ಹಂಚಿ ನಡೆಸುವ ಯಜಮಾನನೇ ಕರ್ನಲ್; ಸೈನ್ಯದವನಲ್ಲ, ಪ್ರೋಗ್ರಾಮಿನ ತಿರುಳು. ಯಜಮಾನ ಕುಸಿದು ಬಿದ್ದರೆ ಆಮೇಲೆ ಯಾರ ಲೆಕ್ಕವೂ ನಂಬುವ ಹಾಗಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ಅದಕ್ಕೇ ಅದು ಕುಸಿದದ್ದನ್ನು ಮೊದಲು ಕಂಡ ಪ್ರೊಸೆಸರ್ ಮಿಕ್ಕ ಮೂವರಿಗೂ ‘ನಿಲ್ಲಿ’ ಎಂದು ಹೇಳಿಕಳಿಸಬೇಕು. ಮೂವರೂ ‘ನಿಂತೆ’ ಎಂದ ಮೇಲೆ ಬ್ರೇಕು ಬೀಳುತ್ತದೆ. ನಮ್ಮ ಪ್ರೋಗ್ರಾಮಿನಲ್ಲಿ ಇದ್ದದ್ದು ಹಾಗೆ.

ಪರದೆಯ ಮೇಲೆ ಅತ್ತಿಗೆ ಓದಿದ ಮಾತು ಬರುವುದು ಕರ್ನಲ್ ಕುಸಿದಾಗ ಮಾತ್ರ, ಅದಕ್ಕೇ ನಾವು ಅದನ್ನು ಬೇಕೆಂದೇ ಬೀಳಿಸಿದೆವು. ಮೂವರೂ ನಿಂತರು. ಮತ್ತೆ ಬೀಳಿಸಿದೆವು, ಮತ್ತೆ ನಿಂತರು. ಇಡೀ ದಿನ ಅದೇ. ಮರುದಿನವೂ ಅದೇ. ಸೊಂಟ ಬಿದ್ದುಹೋಯಿತು, ಟೀ ಕುಡಿದು ಕುಡಿದು ನಾಲಿಗೆ ಜಡ್ಡುಗಟ್ಟಿತು. ಬೇಸರದಲ್ಲಿ ನನಗೆ, ಹೋಗಲಿ, ಅತ್ತಿಗೆ ತೂಕಡಿಸಿದ್ದೇ ನಿಜವಾಗಿರಲಿ, ಒಮ್ಮೆ ಮುಗಿದರೆ ಸಾಕು ಎಂದೂ ಅನಿಸಿತು.

ಆಗ ಮೌನಿ ಬಾಯಿ ಬಿಟ್ಟ. “ನಾವು ಯಾವಾಗ್ಲೂ ಅಚ್ಚು ಮೇಲಿದ್ದಾಗ್ಲೇ ಬೀಳಿಸ್ತೀವಿ.”

ನಿಜವೇ. ಅದು ನಮ್ಮ ಆಫೀಸಿನ ರೂಢಿ. ಅರ್ಧಕ್ಕೆ ನಿಂತರೆ ಅಚ್ಚಿಗೆ ಗೀರು ಬೀಳುತ್ತದೆ, ಹೊಸ ಅಚ್ಚು ಬೇಕೆಂದರೆ ಸ್ಟೋರಿನವನ ಕಾಲು ಹಿಡಿಯಬೇಕು. ಅದಕ್ಕಾಗಿ ಎಷ್ಟೋ ವರ್ಷದಿಂದ ಎಲ್ಲರೂ ಅಚ್ಚು ಮೇಲೇರುವವರೆಗೆ ಕಾದು, ಆಮೇಲೆ ಗುಂಡಿ ಒತ್ತುತ್ತಿದ್ದೆವು. ಅಚ್ಚನ್ನು ಕಾಪಾಡಿದ ಮಹಾನುಭಾವರು ನಾವು.

“ಹಾಳಾಗಿ ಹೋಗ್ಲಿ ಅಚ್ಚು. ಇಳೀವಾಗ ಬೀಳ್ಸು” ಎಂದೆ.

ಬೀಳಿಸಿದ. ಪರದೆಯ ಮೇಲೆ ‘ಯಂತ್ರ ನಿಂತಿದೆ’ ಎಂದು ದಪ್ಪ ಅಕ್ಷರದಲ್ಲಿ ಬಂತು. ಅಚ್ಚು ಧಡ್ ಎಂದು ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. ಪರದೆ ಹೇಳುತ್ತಲೇ ಇತ್ತು, ಅಚ್ಚು ಕುಟ್ಟುತ್ತಲೇ ಇತ್ತು. ಮೌನಿ ಹೋಗಿ ಮೇನ್ ಆರಿಸಿದ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಅಚ್ಚು ಇಳಿಸುವಾಗ ಯಾರೂ ಅಡ್ಡ ಮಾತಾಡದಿರಲಿ ಎಂದು ನಾಲ್ಕನೆಯವನು ಕಿವಿ ಮುಚ್ಚಿಕೊಳ್ಳುತ್ತಾನೆ. ಅದೇ ಗಳಿಗೆಯಲ್ಲಿ ಕರ್ನಲ್ ಬಿದ್ದರೆ ಆ ಕಿವಿಯನ್ನು ಮತ್ತೆ ತೆರೆಸುವವರೇ ಇಲ್ಲ. ‘ನಿಲ್ಲಿ’ ಎಂದದ್ದು ಅವನಿಗೆ ಕೇಳಿಸಲೇ ಇಲ್ಲ. ಹೇಳಿದವನೋ, ಉತ್ತರ ಬರಲಿ ಎಂದು ಕಾಯುತ್ತ ಕೂತ. ಅವನು ಕಾಯುವವರೆಗೆ ಬ್ರೇಕಿಲ್ಲ. ಇದಕ್ಕೆಲ್ಲ ಮುಂಚೆಯೇ ಪರದೆಗೆ ‘ನಿಂತಿದೆ’ ಎಂದು ಕಳಿಸಿ ಆಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಮುಚ್ಚಿದ ಕಿವಿಗೂ ಕೇಳಿಸುವಂಥ ಇನ್ನೊಂದು ಅಪ್ಪಣೆ ಇದೆ. ಅದನ್ನು ಯಾವ ಪ್ರೊಸೆಸರೂ ತಳ್ಳಿಹಾಕುವಂತಿಲ್ಲ. ನಮ್ಮ ಪ್ರೋಗ್ರಾಮಿನಲ್ಲಿ ಅದು ಇರಲಿಲ್ಲ.

“ಮೊದ್ಲು ಇತ್ತು” ಎಂದ ಮೌನಿ. ಮುಖ ಸುಣ್ಣದ ಹಾಗಾಗಿತ್ತು. “ಅದು ಬಂದ ತಕ್ಷಣ ನಾಲ್ಕನೇದು ಎಲ್ಲಿತ್ತೋ ಅಲ್ಲೇ ನಿಂತುಬಿಡ್ತಿತ್ತು. ಅಚ್ಚನ್ನ ಇಳಿಸೋ ವಾಲ್ವು ತೆರೆದೇ ಇರ್ತಿತ್ತು, ಅಚ್ಚು ಜಾರ್ತಿತ್ತು. ನಾನೇ ತೆಗೆದೆ.”

ಬೈಯಬೇಕೆಂದು ಬಾಯಿ ತೆರೆದೆ. ಅವನು ಆಗಲೇ ಹಳೆಯ ಪ್ರೋಗ್ರಾಮ್ ತೆರೆದು ಆ ಸಾಲನ್ನು ಹುಡುಕುತ್ತಿದ್ದುದನ್ನು ಕಂಡು ಮುಚ್ಚಿದೆ. ನಿಲ್ಲಿಸುವುದು ಬೇರೆ, ನೆಟ್ಟಗೆ ನಿಲ್ಲಿಸುವುದು ಬೇರೆ. ಕೈಯಲ್ಲಿ ಹಿಡಿದದ್ದನ್ನು ಕೆಳಗಿಟ್ಟು ನಿಲ್ಲು ಎಂದು ನಾಲ್ಕನೆಯವನಿಗೆ ಹೇಳಿಕೊಡುವ ಬದಲು ಮೌನಿ ಅಪ್ಪಣೆಯನ್ನೇ ಕಿತ್ತುಹಾಕಿದ್ದ.

ಮ್ಯಾನೇಜರಿಗೆ ಹೇಳಿದೆ. “ಸರಿ, ಮುಂದಿನ ತಿಂಗಳ ಅಪ್‌ಡೇಟಲ್ಲಿ ಸೇರಿಸ್ಬಿಡೋಣ” ಎಂದರು, ಫೋನಿನಿಂದ ತಲೆ ಎತ್ತದೆ.

ನನಗೆ ನಖಶಿಖಾಂತ ಉರಿಯಿತು. ಅವರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ಅಚ್ಚು ಇಳಿಯುವಾಗಲೇ ಮೌನಿ ಕರ್ನಲ್ಲನ್ನು ಬೀಳಿಸಿದ. ಅದು ಒಮ್ಮೆ ಇಳಿದು ಮತ್ತೆ ಮೇಲೇರಿತ್ತು. “ನಿಂತಿದೆ ಅಂತ ಬಂದಿದೆ ನೋಡಿ ಸರ್. ಕೈ ಹಾಕಿ” ಎಂದೆ.

ಅವರು ಪರದೆ ನೋಡಿದರು. ಕೈ ಜೇಬಿನಿಂದ ಹೊರಗೇ ಬರಲಿಲ್ಲ. ಅಚ್ಚು ಧಡ್ ಎಂದು ಇಳಿದಾಗ ಬಾಗಿಲವರೆಗೆ ಹಿಂದೆ ಸರಿದಿದ್ದರು. ಸಂಜೆಯೊಳಗೆ ನಮ್ಮ ಪೆಟ್ಟಿಗೆ ಇರುವ ಪ್ರೆಸ್ಸುಗಳನ್ನೆಲ್ಲ ನಿಲ್ಲಿಸಲು ಹೇಳಿ ಕಾರ್ಖಾನೆಗಳಿಗೆ ಫೋನು ಹೋಯಿತು.

ಆಮೇಲೆ ಮಾಡಿದ್ದು ಕತ್ತೆ ದುಡಿಮೆ. ಮೊದಲು ಮೆತ್ತಗೆ ಹೇಳುವುದು, ಸ್ವಲ್ಪ ಕಾಯುವುದು. ಕೇಳದಿದ್ದರೆ ತಳ್ಳಿಹಾಕಲಾಗದ ಅಪ್ಪಣೆ. ಅದು ಬಂದಾಗ ನಾಲ್ಕನೆಯವನು ವಾಲ್ವು ಮುಚ್ಚಿ, ಅಚ್ಚನ್ನು ಹಿಡಿದು ನಿಲ್ಲಿಸಿ, ಆಮೇಲೆ ತಾನು ನಿಲ್ಲಬೇಕು. ಅದಕ್ಕೂ ಜಗ್ಗದಿದ್ದರೆ ಕಾಯುತ್ತ ಕೂರದೆ ಕರೆಂಟು ಕಡಿದು ಬ್ರೇಕು ಹಾಕುವುದು. ಪರದೆಗೆ ಮಾತು ಎಲ್ಲಕ್ಕಿಂತ ಕೊನೆಗೆ. ಅಚ್ಚು ಮೇಲಿದ್ದಾಗ, ಕೆಳಗಿದ್ದಾಗ, ನಡುವಿದ್ದಾಗ, ಎಲ್ಲ ಕಡೆಯೂ ಬೀಳಿಸಿ ನೋಡಿದೆವು. ಅಚ್ಚಿನ ಮೈತುಂಬ ಗೀರು.

ಭಾನುವಾರ ಅತ್ತಿಗೆಯನ್ನು ಆಫೀಸಿಗೆ ಕರೆದುಕೊಂಡು ಬಂದೆ. ಮೊದಲು ಹಳೆಯ ಪ್ರೋಗ್ರಾಮನ್ನೇ ಹಾಕಿ ತೋರಿಸಿದೆ. ಪರದೆಯ ಮೇಲೆ ಅಕ್ಷರ ಬಂತು, ಅಚ್ಚು ಇಳಿಯಿತು. ಅತ್ತಿಗೆ ಬ್ಯಾಂಡೇಜಿನ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡರು.

“ಇನ್ನೊಂದ್ಸಲ ತೋರ್ಸು.”

ತೋರಿಸಿದೆ.

“ಹೀಗೇ. ಅವತ್ತೂ ಹೀಗೇ ಬಂತು” ಎಂದರು. ಮುಚ್ಚಿಕೊಂಡಿದ್ದ ಬೆರಳನ್ನು ಬಿಟ್ಟು, “ಹಾಗಾದ್ರೆ ನಾನು ಎಚ್ಚರವಾಗೇ ಇದ್ನಾ?” ಎಂದು ಕೇಳಿದರು.

“ಎಚ್ಚರವಾಗೇ ಇದ್ರಿ ಅತ್ತಿಗೆ. ನೀವು ಓದಿದ್ದೂ ನಿಜ.”

ಹೊಸದನ್ನೂ ಓಡಿಸಿ ತೋರಿಸಿದೆ. ಅಚ್ಚು ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು. “ಒಳ್ಳೇದಾಯ್ತು ಬಿಡು” ಎಂದರು ಅಷ್ಟೆ. ನಾವಿಬ್ಬರೂ ಊಟ ನಿದ್ದೆ ಬಿಟ್ಟು ಮಾಡಿದ್ದರ ಕಡೆ ಅವರ ಮನಸ್ಸೇ ಇರಲಿಲ್ಲ. ನನಗೆ ತುಸು ಬೇಜಾರಾಯಿತು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅರ್ಧ ದಾರಿ ಕಳೆದ ಮೇಲೆ ತಾವಾಗಿಯೇ ಮಾತಾಡಿದರು. “ಮೂರು ವಾರದ ಮೇಲಾಯ್ತು ಮಗೂನ ಎತ್ಕೊಂಡು. ಕಣ್ಣು ಬಿಟ್ಕೊಂಡೇ ನಿದ್ದೆ ಹೋಗೋಳು ನಾನು ಅಂತ ಆಯ್ತಲ್ಲ. ಮೆಟ್ಲ ಮೇಲೆ ಕೈಜಾರಿ ಬಿಟ್ರೆ? ಹಾಲು ಕುಡಿಸ್ವಾಗ್ಲೂ ಅತ್ತೇನ ಪಕ್ಕದಲ್ಲಿ ಕೂರಿಸ್ಕೋತಿದ್ದೆ. ಯಾರ ಹತ್ರ ಹೇಳ್ಕೊಳ್ಳಲಿ?”

ಒಂದೇ ಮನೆಯಲ್ಲಿ ಇದ್ದೇನೆ. ಮಗು ಯಾವಾಗಲೂ ನಮ್ಮಮ್ಮನ ಸೊಂಟದಲ್ಲೇ ಇರುವುದನ್ನು ನೋಡಿದ್ದೆ. ಬೆರಳಿಗೆ ಪೆಟ್ಟಾಗಿದೆಯಲ್ಲ, ಅದಕ್ಕೆ ಎಂದುಕೊಂಡು ನನ್ನ ಪಾಡಿಗೆ ನಾನು ಆಫೀಸಿಗೆ ಹೋಗುತ್ತಿದ್ದೆ. ನನಗೆ ಅಳು ಬಂತು. ಅಳುವಷ್ಟು ತ್ರಾಣವೂ ಇರಲಿಲ್ಲ. ಅವರ ಕೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ಕೂತೆ.

ಮನೆ ಬಾಗಿಲಲ್ಲೇ ಅಮ್ಮ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅತ್ತಿಗೆ ಚಪ್ಪಲಿಯನ್ನೂ ಬಿಡದೆ ಹೋಗಿ ಎರಡೂ ಕೈ ಚಾಚಿ ಮಗುವನ್ನು ಕಿತ್ತುಕೊಂಡರು. ಎದೆಗವಚಿಕೊಂಡು ನೇರ ಮಹಡಿ ಮೆಟ್ಟಿಲು ಹತ್ತತೊಡಗಿದರು.

“ಬಸ್ಸಿಂದ ಬಂದಿದೀಯ, ಕೈ ತೊಳ್ಕೊಂಡು ಎತ್ಕೋಬಾರ್ದೇನೇ?” ಎಂದಳು ಅಮ್ಮ.

ಅತ್ತಿಗೆ ನಿಲ್ಲಲಿಲ್ಲ.