ಹೆಸರಿಗೆ ಮೊದಲು

ಪರದೆ ಇನ್ನೂ ಕಪ್ಪಾಗಿಯೇ ಇತ್ತು. ಷಡಕ್ಷರಿ ಊದುಬತ್ತಿ ಹಿಡಿದುಕೊಂಡು ಕಂಪ್ಯೂಟರಿಗೆ ಮತ್ತೊಂದು ಸುತ್ತು ಬೆಳಗಿ, ಏನಾದರೂ ಕಾಣುತ್ತದೇನೋ ಎಂದು ಬಗ್ಗಿ ನೋಡಿದ. ಏನೂ ಕಾಣಲಿಲ್ಲ. ಪಕ್ಕದಲ್ಲಿ ಕೈ ಕಟ್ಟಿಕೊಂಡು ಕೂತಿದ್ದ ಕುಸುಮ ಪರದೆಯನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದಳು. ಹಿನಕಲ್‌ನಿಂದ ಮಂಡಿ ಮೊಹಲ್ಲಾದವರೆಗೆ ಎರಡು ಬಸ್ಸು ಹತ್ತಿ ಅವಳು ಬಂದದ್ದೇ ಆ ಮುಖ ನೋಡುವುದಕ್ಕೆ.

“ದಿನಾ ಹಿಂಗೇ ಕಣಮ್ಮ,” ಅಂದ ಷಡಕ್ಷರಿ. “ಬೆಳಿಗ್ಗೆ ಆನ್ ಮಾಡಿ ಕಾಫಿ ಕುಡ್ಕೊಂಡು ಬಂದ್ರೂ ಎದ್ದಿರಲ್ಲ. ಸಾಯಂಕಾಲ ಆಫ್ ಮಾಡಿದ್ರೆ ಮಲಗಲ್ಲ. ಅರ್ಧ ಶೆಟರ್ ಎಳ್ಕೊಂಡು ಕಾಯ್ತಾ ನಿಂತಿರ್ಬೇಕು. ನಮ್ಮ ಮಹೇಶ ತಲೆ ಕೆಟ್ಟು ಗೋಡೆ ಸ್ವಿಚ್ಚೇ ಆರಿಸ್ಬುಡ್ತಾನೆ.”

“ಅಂಗೆ ಆರಿಸ್ಬಾರ್ದು ಸಾರ್.”

ಬಾಯಲ್ಲಿ ಸಾರ್ ಎಂದರೂ ಮನಸ್ಸಿನೊಳಗೆ ಅವಳು ಅವನಿಗೆ ಬಹುವಚನ ಕೊಡುವುದನ್ನು ನಿಲ್ಲಿಸಿ ಬಹಳ ದಿನಗಳಾಗಿದ್ದವು.

“ಯಾರ್ಯಾರನ್ನೋ ಕರೆಸಿದ್ದೆ. ಎಲ್ಲ ಅಳಿಸಿ ಹೊಸದಾಗಿ ಹಾಕ್ಬೇಕು ಅಂತಾರೆ. ಈ ಲಿನಕ್ಸು ಅಂದ್ರೇನೆ ಅವ್ರಿಗೆ ಗಾಬರಿ. ಅಳಿಸ್ಬುಟ್ರೆ ನಮ್ಮ ಕಾರ್ಡುಗಳ ಗತಿ ಏನು ಹೇಳು? ಇವತ್ತು ರಾಹುಕಾಲ ಬರೋದ್ರೊಳಗೆ ನಮ್ಮ ಮಗಳು ರಕ್ಷಿತಾ ಮದುವೆದು ಮೊದಲನೇ ಕಾರ್ಡು ಆಚೆ ಬರ್ಬೇಕು. ಮಠಕ್ಕೆ ತಗೊಂಡೋಗಿ ಬುದ್ಧಿಯವ್ರ ಪಾದಕ್ಕಿಡ್ಬೇಕು. ಹಾಕ್ಕೊಟ್ಟೋಳು ನೀನೇ ಅಲ್ವಾ, ಅದಕ್ಕೇ ಫೋನ್ ಮಾಡ್ದೆ.”

ಹಾಕಿಕೊಟ್ಟವಳು ಅವಳೇ, ನಿಜ. ಕದ್ದ ಸಾಫ್ಟ್‌ವೇರ್ ಹಿಡಿಯಲು ಬರುತ್ತಾರಂತೆ ಎಂದು ಬೀದಿಯೆಲ್ಲ ಹೆದರಿ ಕೂತಿದ್ದಾಗ, ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ ಲಿನಕ್ಸನ್ನು ಈ ಲಗ್ನಪತ್ರಿಕೆ ಅಂಗಡಿಗೆ ತಂದವಳು ಕುಸುಮ. ಆಗ ಷಡಕ್ಷರಿ ಬಂದವರಿಗೆಲ್ಲ ಅವಳನ್ನು ತೋರಿಸಿ “ನಮ್ಮ ಮನೆ ಹುಡುಗಿ” ಎನ್ನುತ್ತಿದ್ದ. ಅವನ ಹೆಂಡತಿ ನೀಲಮ್ಮ ಮಧ್ಯಾಹ್ನ ಗಂಡನಿಗೆ ಕಳಿಸುವ ಬುತ್ತಿಯಲ್ಲಿ ಅವಳಿಗೂ ಒಂದು ಅಕ್ಕಿರೊಟ್ಟಿ ಇಡುತ್ತಿದ್ದರು. ಶಿವಲಿಂಗಯ್ಯನವರ ಮೊಮ್ಮಗಳ ಕಾರ್ಡು ಬರುವವರೆಗೆ ಹಾಗೇ ನಡೆದಿತ್ತು.

ಲಿಂಗೈಕ್ಯರಾದ ಹಿರಿಯರ ಹೆಸರಿಗೆ ಮೊದಲು ‘ಲಿಂ.’ ಎಂದು ಹಾಕುವುದು ಷಡಕ್ಷರಿಯಂಥ ಲಿಂಗಾಯತರ ಪದ್ಧತಿ. ಶಿವಲಿಂಗಯ್ಯನವರೋ ಆಗ ಗಟ್ಟಿಮುಟ್ಟಾಗಿ, ದಿನಾ ಬೆಳಿಗ್ಗೆ ಕೆರೆ ಸುತ್ತಿಕೊಂಡು ಬರುತ್ತಿದ್ದರು. ಕಾರ್ಡು ಅಚ್ಚಾಗಿ ಬಂದಾಗ ಅವರ ಹೆಸರಿಗೆ ಮೊದಲು ‘ಲಿಂ.’ ಇತ್ತು. ಕಂಪ್ಯೂಟರಿನಲ್ಲಿದ್ದ ಯಾರದೋ ಹಳೆಯ ಕಾರ್ಡಿನ ಮೇಲೆಯೇ ಹೊಸ ಹೆಸರು ಹೊಡೆದು, ಹಳೆಯ ‘ಲಿಂ.’ ತೆಗೆಯಲು ಮರೆತವನು ಮಹೇಶ. ಆ ದಿನ ಕುಸುಮ ರಜೆಯಲ್ಲಿದ್ದಳು. ಇದು ಮಹೇಶನಿಗೂ ಗೊತ್ತಿತ್ತು, ಷಡಕ್ಷರಿಗೂ ಗೊತ್ತಿತ್ತು. ಆದರೆ ಮಹೇಶ ಷಡಕ್ಷರಿಯ ಅಕ್ಕನ ಮಗ. ರಕ್ಷಿತಾ ತೊಟ್ಟಿಲಲ್ಲಿದ್ದಾಗಲೇ ಅವನಿಗೆಂದು ಮಾತಾಗಿತ್ತು. ಅಳಿಯನಾಗುವವನ ಮಾನ ಹೋಗಬಾರದು. ಹೋಗುವುದಕ್ಕೆ ಕುಸುಮಳ ಮಾನ ಇತ್ತಲ್ಲ.

“ನಮ್ಮೋಳಲ್ಲ ಕಣ್ರೀ, ಹಿನಕಲ್ ಗೌಡ್ರ ಪೈಕಿ. ಲಿಂ. ಅಂದ್ರೆ ಏನಂತ ಇವಳಿಗೇನು ಗೊತ್ತು?” ಎಂದು ಷಡಕ್ಷರಿ ಶಿವಲಿಂಗಯ್ಯನವರ ಮಗ ಚಂದ್ರಮೌಳಿಯ ಎದುರು ಹೇಳಿ, ಅವರ ಮನೆಗೆ ಕರೆದುಕೊಂಡು ಹೋಗಿ ಅವಳನ್ನು ಮುದುಕರ ಕಾಲಿಗೆ ಬೀಳಿಸಿದ. ಕೆಲಸ ಉಳಿದೀತು ಎಂದು ಅವಳು ಬಿದ್ದಳು. ಆ ವರ್ಷ ದೀಪಾವಳಿ ಕಳೆದ ಮೇಲೆ ಶಿವಲಿಂಗಯ್ಯನವರು ಮಲಗಿದಲ್ಲೇ ಹೋಗಿಬಿಟ್ಟರು. ವಯಸ್ಸಾಗಿತ್ತು, ಹೋದರು. ಬೀದಿ ಹಾಗೆ ಹೇಳಲಿಲ್ಲ. ಆ ಹುಡುಗಿಯ ಕೈ ಸರಿಯಿಲ್ಲ, ಬದುಕಿದ್ದವರನ್ನು ಕಾರ್ಡಿನಲ್ಲೇ ಕಳಿಸಿಬಿಟ್ಟಳು ಎಂದಿತು. ಷಡಕ್ಷರಿ ಅವಳನ್ನು ಕೆಲಸದಿಂದ ತೆಗೆದ. ಚಂದ್ರಮೌಳಿ ಆ ಬೀದಿಯ ಪ್ರೆಸ್ಸುಗಳಿಗೆಲ್ಲ ಖಾಲಿ ಕಾರ್ಡು ಒದಗಿಸುವ ಸಗಟು ವ್ಯಾಪಾರಿ. ಅವನಿಗೆ ಆಗದವಳನ್ನು ಬೇರೆ ಯಾವ ಪ್ರೆಸ್ಸೂ ಸೇರಿಸಿಕೊಳ್ಳಲಿಲ್ಲ. ಈಗ ಅವಳು ಹಿನಕಲ್‌ನ ಜೆರಾಕ್ಸ್ ಅಂಗಡಿಯೊಂದರಲ್ಲಿ ಆಧಾರ್ ಕಾರ್ಡುಗಳಿಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದಳು.

ಅವಳಿಗೆ ಬೇಕಿದ್ದದ್ದು ಇಷ್ಟೇ. ಅದೇ ಬಾಯಿ, ಅದೇ ಚಂದ್ರಮೌಳಿಯ ಎದುರು, ಇವಳಲ್ಲ ಎಂದು ಹೇಳಬೇಕು. ಹೇಳುವಾಗ ಅವನಿಗೆ ನೋಯಬೇಕು. ನೋಯದೆ ಹೇಳುವುದಾದರೆ ಅವಳಿಗೆ ಬೇಡವೇ ಬೇಡ.

ಕೊನೆಗೂ ಪರದೆ ಬೆಳಗಿತು. ಕುಸುಮ ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು. ಏಳುವುದು ತಡವಾದರೆ ಯಾರಿಂದ ತಡ ಎಂದು ಯಂತ್ರವನ್ನೇ ಕೇಳಬಹುದು. ಅದು ಅಳಿಯ, ಅಕ್ಕನ ಮಗ ಎಂದೆಲ್ಲ ನೋಡುವುದಿಲ್ಲ, ಕೇಳಿದ ಕೂಡಲೇ ಹೆಸರು ಹೇಳುತ್ತದೆ. ಹೇಳಿತು. ಅವಳು ತಲೆಯೆತ್ತಿ ಅಟ್ಟದ ಕಡೆ ನೋಡಿದಳು. ಅಟ್ಟ ಖಾಲಿಯಿತ್ತು.

“ಮೇಲಿದ್ದ ಹಳೇ ಸಿಸ್ಟಮ್ ಎಲ್ಲೋಯ್ತು?”

“ಈ ವರ್ಷ ಆಯುಧಪೂಜೆಗೆ ಅಂಗಡಿ ತೊಳೆಯೋವಾಗ ಗುಜರಿಗೆ ಹಾಕ್ದೆ,” ಅಂದ ಮಹೇಶ, ಕಾಗದದ ಕಟ್ಟುಗಳ ಹಿಂದಿನಿಂದ. ಮದುವೆಯ ಗಂಡು ಆಗಲೇ ಕ್ಷೌರ ಮಾಡಿಸಿಕೊಂಡು, ಹೊಸ ಶರಟು ಹಾಕಿಕೊಂಡು ನಿಂತಿದ್ದ. “ಸುಮ್ನೆ ಧೂಳು ಹಿಡೀತಿತ್ತು.”

ಸುಮ್ಮನೆ ಇರಲಿಲ್ಲ ಅದು. ಅಂಗಡಿಯ ಕಾರ್ಡುಗಳೆಲ್ಲದರ ಇನ್ನೊಂದು ಪ್ರತಿ ಅದರಲ್ಲಿ ಇರಲೆಂದು ಕುಸುಮಳೇ ಎರಡನ್ನೂ ಒಂದು ತಂತಿಯಿಂದ ಜೋಡಿಸಿದ್ದಳು. ಕೆಳಗಿನದು ಏಳುವಾಗ ಮೇಲಿನದನ್ನು ಮಾತಾಡಿಸಬೇಕು, ಮಲಗುವಾಗ ದಿನದ ಕೆಲಸ ಅದಕ್ಕೆ ಒಪ್ಪಿಸಬೇಕು ಎಂದು ಒಂದು ಸಾಲು ಬರೆದಿಟ್ಟಿದ್ದಳು. ಮೇಲಿನದು ಗುಜರಿಗೆ ಹೋಯಿತು, ಸಾಲು ಉಳಿಯಿತು. ಕೆಳಗಿನದು ದಿನಾ ಎದ್ದು ಖಾಲಿ ಅಟ್ಟವನ್ನು ಮಾತಾಡಿಸುತ್ತ, ಉತ್ತರಕ್ಕೆ ಕಾದು ಕೂರುತ್ತಿತ್ತು. ಆ ಸಾಲು ಅಳಿಸಿದರೆ ಮುಗಿಯಿತು. ಅವಳು ಅಳಿಸಲು ಬೆರಳು ಚಾಚುವಷ್ಟರಲ್ಲಿ ಚಂದ್ರಮೌಳಿ ಒಂದು ಪೆಟ್ಟಿಗೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ರಕ್ಷಿತಾಳ ಮದುವೆಗೆಂದು ತರಿಸಿದ್ದ ಹೊಸ ಮಾದರಿಯ ಕಾರ್ಡುಗಳು. ಅವಳನ್ನು ಕಂಡು ಅಲ್ಲೇ ನಿಂತ.

“ಏನ್ರೀ ಇದು, ಶುಭಕಾರ್ಯದ ದಿನ ಇವಳನ್ನ ಕೂರಿಸ್ಕೊಂಡಿದೀರಲ್ಲ?”

“ಸಿಸ್ಟಮ್ ನೋಡೋಕೆ ಅಷ್ಟೆ ಕಣ್ರೀ,” ಷಡಕ್ಷರಿ ಅವಸರದಿಂದ ಹೇಳಿದ. “ಕಾರ್ಡು ಮುಟ್ಟಲ್ಲ ಬಿಡಿ.”

ಕುಸುಮಳ ಮೈ ಉರಿದುಹೋಯಿತು. ಚಾಚಿದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ಅಷ್ಟರಲ್ಲಿ ನೀಲಮ್ಮನವರೂ ಮೊದಲ ಕಾರ್ಡಿನ ಪೂಜೆಗೆ ತಟ್ಟೆ ಹಿಡಿದು ಬಂದರು. “ಬಂದ್ಯಾ ಕುಸುಮ? ಎಷ್ಟು ಸೊರಗಿದೀಯ. ಊಟ ಮಾಡ್ಕೊಂಡೇ ಹೋಗು,” ಎಂದು ಅವಳ ಭುಜ ಮುಟ್ಟಿ, ಮುಂದೆ ಹೋಗಿ ಹೊಸ ಕಾರ್ಡುಗಳನ್ನು ಬಿಚ್ಚಿಸಿ ನೋಡತೊಡಗಿದರು. ಗಂಡಸರೂ ಅತ್ತ ಸರಿದರು. ಬಣ್ಣ ಚೆನ್ನಾಗಿದೆ, ಗಣಪತಿ ಇನ್ನೂ ಸ್ವಲ್ಪ ದೊಡ್ಡದಿರಬೇಕಿತ್ತು ಎಂದು ಮಾತು ನಡೆಯಿತು.

ಕುಸುಮ ರಕ್ಷಿತಾಳ ಕಾರ್ಡು ತೆರೆದಳು. ‘ಶ್ರೀಮತಿ ನೀಲಮ್ಮ ಮತ್ತು ಶ್ರೀ ಷಡಕ್ಷರಿ’ ಎಂದಿತ್ತು. ‘ಶ್ರೀ’ ಅಳಿಸಿದಳು. ಅಲ್ಲಿ ‘ಲಿಂ.’ ಎಂದು ಹೊಡೆದಳು. ತನಗೆ ಮಾತ್ರ ಗೊತ್ತಿರುವ ಪಾಸ್‌ವರ್ಡ್ ಹಾಕಿ ಭದ್ರ ಮಾಡಿದಳು.

“ಸಾರ್, ಪ್ರೂಫ್ ಓದ್ಬುಡಿ.”

ಪ್ರೂಫನ್ನು ಗಟ್ಟಿಯಾಗಿ ಓದದೆ ಅಚ್ಚಿಗೆ ಬಿಡಬಾರದೆಂಬುದು ಷಡಕ್ಷರಿಯ ತಂದೆಯ ಕಾಲದಿಂದ ಬಂದ ನಿಯಮ. ಶಿವಲಿಂಗಯ್ಯನವರ ಕಾರ್ಡಿನ ದಿನ ಮಾತ್ರ ಅವನಿಗೆ ಪುರುಸೊತ್ತಾಗಿರಲಿಲ್ಲ. ಇವತ್ತು ಕನ್ನಡಕ ಏರಿಸಿ, ಪರದೆಯ ಮೇಲೆ ಬೆರಳಿಟ್ಟು, ಮಂತ್ರ ಹೇಳುವವನಂತೆ ರಾಗವಾಗಿ ಶುರು ಮಾಡಿದ. ಶ್ರೀ ಗುರುವಿನ ಕೃಪೆ ಓದಿದ. ಮುಹೂರ್ತ ಓದಿದ. “ಶ್ರೀಮತಿ ನೀಲಮ್ಮ ಮತ್ತು...” ಎಂದವನು ಮುಂದಕ್ಕೆ ಹೋಗಲಿಲ್ಲ. ಬೆರಳು ಅಲ್ಲೇ ನಿಂತಿತು. ಯಾಕೆ ನಿಲ್ಲಿಸಿದರು ಎಂದು ನೀಲಮ್ಮ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಅವರ ಕೈ ತಾಳಿಗೆ ಹೋಯಿತು.

ಮಹೇಶ ನೋಡಿದವನೇ ಗೋಡೆಯತ್ತ ನುಗ್ಗಿ ಸ್ವಿಚ್ಚು ಆರಿಸಿಬಿಟ್ಟ. ದಿನಾ ಮಾಡುತ್ತಿದ್ದದ್ದೇ, ಕೈಗೆ ರೂಢಿಯಾಗಿತ್ತು. ಪರದೆ ಕಪ್ಪಾಯಿತು.

“ಸೇವ್ ಮಾಡಿದೀಯಾ ಅದನ್ನ?” ಷಡಕ್ಷರಿ ಅವಳತ್ತ ತಿರುಗಿದ.

“ಮಾಡಿದೀನಿ. ನನ್ನ ಪಾಸ್‌ವರ್ಡ್ ಇಲ್ದೆ ಯಾರೂ ತೆಗೆಯೋಕಾಗಲ್ಲ.”

ಮಹೇಶ ಮತ್ತೆ ಸ್ವಿಚ್ಚು ಹಾಕಿದ. ಕರೆಂಟು ಹಾಗೆ ಕಿತ್ತದ್ದಕ್ಕೆ ಯಂತ್ರ ಮೊದಲು ತನ್ನ ಮೈಯೆಲ್ಲ ತಡವಿಕೊಂಡು ನೋಡಿ, ಆಮೇಲೆ ಅಟ್ಟದಲ್ಲಿಲ್ಲದ ಹಳೆಯದನ್ನು ಹುಡುಕಲು ಹೊರಟಿತು. ಷಡಕ್ಷರಿ ಗೋಡೆಯ ಗಡಿಯಾರ ನೋಡಿದ, ಪರದೆ ನೋಡಿದ, ಹೆಂಡತಿಯ ಕೈ ನೋಡಿದ.

“ಬೇಗ ಏಳ್ಸಮ್ಮ ಅದನ್ನ.”

“ಅದು ಕಾಯ್ತಿದೆ ಸಾರ್. ನಾವೂ ಕಾಯಣ. ಅಲ್ಲಿವರ್ಗೂ ಚಂದ್ರಮೌಳಿಯವ್ರಿಗೆ ಒಂದು ಮಾತು ಹೇಳ್ಬುಡಿ. ಅವ್ರ ತಂದೆಯವ್ರ ಕಾರ್ಡು ಯಾರು ಹೊಡೆದಿದ್ದು ಅಂತ.”

“ಆಗ್ಹೋದ ಮಾತು ಈಗ್ಯಾಕೆ?”

“ಹೇಳ್ದಿದ್ರೆ ಬೇಡ ಬುಡಿ. ನಾನು ಹಿನಕಲ್ ಬಸ್ ಹತ್ತೀನಿ. ನಿಮ್ಮ ಹೆಸ್ರು ಅಲ್ಲಿ ಅಂಗೇ ಇರ್ಲಿ.”

“ಲೇ, ಏನಂದ್ಕೊಂಡಿದೀಯ...” ಎಂದು ಮಹೇಶ ಮುಂದೆ ಬಂದ. ಅವನ ಮಾತನ್ನು ತಡೆದವರು ನೀಲಮ್ಮ.

“ನೀನು ಬಾಯಿ ಮುಚ್ಚು.” ಆಮೇಲೆ ಗಂಡನ ಕಡೆ ತಿರುಗಿ, ಕೈಯಿಂದ ತಾಳಿ ಬಿಡದೆಯೇ, “ಹೇಳ್ಬುಡ್ರಿ. ಇನ್ನೇನು ನೋಡ್ತಾ ನಿಂತಿದೀರಿ?” ಅಂದರು.

ಕಪ್ಪು ಪರದೆಯ ಮೇಲೆ ಒಂದು ಬಿಳಿಗೆರೆ ಮಿಣುಕುತ್ತಿತ್ತು. ಷಡಕ್ಷರಿ ಅದನ್ನೇ ನೋಡುತ್ತ ಹೇಳಿದ: “ಮಹೇಶ ಕಣ್ರೀ. ಅವತ್ತು ಈ ಹುಡುಗಿ ಕೆಲಸಕ್ಕೇ ಬಂದಿರ್ಲಿಲ್ಲ.”

ಚಂದ್ರಮೌಳಿ ಮಹೇಶನನ್ನು ನೋಡಿ, ಷಡಕ್ಷರಿಯ ಕಡೆ ತಿರುಗಿದ. “ಮತ್ತೆ ನಮ್ಮಪ್ಪನ ಕಾಲಿಗೆ ಇವಳನ್ನ ಯಾಕ್ರೀ ಬೀಳಿಸಿದ್ರಿ?”

ಷಡಕ್ಷರಿ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ಮಹೇಶ ಹೊಸ ಶರಟಿನ ಗುಂಡಿಯನ್ನು ತಿರುಗಿಸುತ್ತ ನೆಲ ನೋಡುತ್ತಿದ್ದ. ಕುಸುಮ ಇಬ್ಬರನ್ನೂ ಕಣ್ತುಂಬ ನೋಡಿದಳು. ಜೆರಾಕ್ಸ್ ಅಂಗಡಿಯ ಬಿಸಿಯಲ್ಲಿ ಕೂತು ಎಷ್ಟೋ ಸಲ ಅಂದುಕೊಂಡಿದ್ದು ಇದನ್ನೇ, ಆದರೆ ಇಷ್ಟು ಚೆನ್ನಾಗಿರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ. ಹೊಟ್ಟೆ ತಣ್ಣಗಾಯಿತು.

ಪರದೆ ಬೆಳಗಿತು. ಅವಳು ‘ಲಿಂ.’ ಅಳಿಸಿ ‘ಶ್ರೀ’ ಹಾಕಿದಳು, ಎಲ್ಲರಿಗೂ ತೋರಿಸಿದಳು, ಪಾಸ್‌ವರ್ಡ್ ತೆಗೆದಳು. ಕಾಯುವ ಸಾಲನ್ನೂ ಅಳಿಸಿ ಒಮ್ಮೆ ಆರಿಸಿ ಹಾಕಿದಳು. ತಟ್ಟನೆ ಆರಿ, ತಟ್ಟನೆ ಎದ್ದು ಬಂತು. ರಾಹುಕಾಲಕ್ಕೆ ಇನ್ನೂ ಹೊತ್ತಿತ್ತು. ಇನ್ನು ಪ್ರಿಂಟಿಗೆ ಒಂದು ಗುಂಡಿ ಒತ್ತುವುದಷ್ಟೇ ಉಳಿದದ್ದು. ಈ ಜಾಗದಲ್ಲಿ ಕೂತು ಎಷ್ಟೋ ಮನೆಗಳ ಮೊದಲ ಕಾರ್ಡು ತೆಗೆದಿದ್ದ ಬೆರಳು ತಾನಾಗಿಯೇ ಅತ್ತ ಹೋಯಿತು.

ನೀಲಮ್ಮ ಅವಳ ಮುಂಗೈ ಹಿಡಿದರು. “ಸಾಕು. ನೀವು ಏಳಿ.”

ಇಷ್ಟು ವರ್ಷದಲ್ಲಿ ಅವರು ಅವಳಿಗೆ ನೀವು ಅಂದದ್ದಿಲ್ಲ. ಕುಸುಮ ಎದ್ದಳು.

“ಮಹೇಶಂದೇ ತಪ್ಪು ಅಂತ ನಂಗೆ ಅವತ್ತೇ ಗೊತ್ತಿತ್ತು,” ನೀಲಮ್ಮನವರ ದನಿಯಲ್ಲಿ ಸಿಟ್ಟಿರಲಿಲ್ಲ. “ಕೈಗುಣ ಅನ್ನೋದೆಲ್ಲ ಸುಳ್ಳು ಅಂತ ಕಂಡಕಂಡೋರ ಹತ್ರ ನಿಮ್ಮ ಪರ ಜಗಳ ಆಡಿದೀನಿ. ಅವ್ನು ಮರೆತು ಮಾಡ್ದ. ನೀವು ಗೊತ್ತಿದ್ದೇ ಹೊಡೆದ್ರಿ.”

ಊಟದ ಮಾತು ಮತ್ತೆ ಬರಲಿಲ್ಲ. ಕುಸುಮ ಚೀಲ ತೆಗೆದುಕೊಂಡು ಮೆಟ್ಟಿಲಿಳಿದಳು. ಚಂದ್ರಮೌಳಿ ಹಿಂದೆಯೇ ಇಳಿದು ಬಂದ.

“ನಾಳೆ ನಮ್ಮ ಅಂಗಡಿ ಹತ್ರ ಬಾಮ್ಮ. ಪ್ರೆಸ್ಸಿನೋರಿಗೆಲ್ಲ ನಾನೇ ಹೇಳ್ತೀನಿ. ತಪ್ಪಾಯ್ತು ನಮ್ಮಿಂದ.”

“ಆಗ್ಲಿ ಸಾರ್,” ಅಂದಳು.

ಚಪ್ಪಲಿ ಹಾಕಿಕೊಳ್ಳುತ್ತ ಒಮ್ಮೆ ತಿರುಗಿ ನೋಡಿದಳು. ಮಹೇಶ ಕುರ್ಚಿಯ ಹಿಂದೆ ಕಾಯುತ್ತ ನಿಂತಿದ್ದ. ನೀಲಮ್ಮ ಕೀಬೋರ್ಡಿನ ಮುಂದೆ ಬಗ್ಗಿ, ಎಡ ಅಂಗೈಯಲ್ಲಿ ವಿಭೂತಿ ಇಟ್ಟುಕೊಂಡು, ಒಂದೊಂದೇ ಅಕ್ಷರದ ಗುಂಡಿಯನ್ನು ಒರೆಸಿ ವಿಭೂತಿ ಹಚ್ಚುತ್ತಿದ್ದರು. ಒಂದನ್ನೂ ಬಿಡುತ್ತಿರಲಿಲ್ಲ.