ಮುಖ ನೋಡಿದವರು ಯಾರು

ಏಸುಸ್ವಾಮಿಯ ಹೆಣಕ್ಕೆ ಸುತ್ತಿದ್ದರೆನ್ನುವ ಟ್ಯೂರಿನ್ ನಗರದ ಬಟ್ಟೆ, ಅದರ ನಕಲೊಂದು ಊರಿನ ಚರ್ಚಿಗೆ ಬಂದಿದೆ ಎಂದಾಗ ಲೂರ್ದಮ್ಮನಿಗೆ ಹೋಗುವ ಮನಸ್ಸೇನೂ ಇರಲಿಲ್ಲ. ಮಗಳು ಸಹಾಯಮೇರಿ ಬಿಡದೆ ಕೈಹಿಡಿದು ಎಳೆದುಕೊಂಡು ಹೋದಳು.

ಗೋಡೆಯುದ್ದಕ್ಕೂ ಕಟ್ಟಿದ್ದ ಬಟ್ಟೆಯ ಮೇಲೆ, ಹೊಗೆ ಹಿಡಿದಂತೆ ಮಾಸಲಾಗಿ, ಒಬ್ಬ ಮನುಷ್ಯನ ಮೈ ಮೂಡಿತ್ತು. ಒಂದರ ಮೇಲೊಂದಿಟ್ಟ ಕೈಗಳು, ರಕ್ತದ ಕಲೆ, ಕಣ್ಣುಮುಚ್ಚಿದ ನೀಳ ಮುಖ. ಮೈಸೂರಿನಿಂದ ಬಂದಿದ್ದ ಫಾದರ್ ಏನನ್ನೂ ಬಚ್ಚಿಡದೆ ಹೇಳಿದರು. ಮೂಲ ಬಟ್ಟೆಯ ಚೂರನ್ನು ಮೂರು ಕಡೆ ಪರೀಕ್ಷೆ ಮಾಡಿದ ವಿಜ್ಞಾನಿಗಳು, ಇದು ಏಳುನೂರು ವರ್ಷದಷ್ಟು ಹಳೆಯದು, ಅಷ್ಟೇ ಎಂದರಂತೆ. ಆ ಚೂರು ಆಮೇಲೆ ತೇಪೆ ಹಾಕಿದ ಜಾಗದ್ದು ಎಂದು ಇನ್ನು ಕೆಲವರು ವಾದ ಹೂಡಿದರಂತೆ. ಚರ್ಚು ಮಾತ್ರ ಅಸಲಿಯೆಂದೂ ಹೇಳಿಲ್ಲ, ನಕಲಿಯೆಂದೂ ಹೇಳಿಲ್ಲ.

"ಯಾರೋ ಬಣ್ಣ ಬಳ್ದವ್ರೆ ಬುಡಿ" ಎಂದು ಹಿಂದಿನಿಂದ ಒಬ್ಬ ಹುಡುಗ ಅಂದ. ಹಿರಿಯರು ಗದರಿದರು. ಗಲಾಟೆಯ ನಡುವೆಯೇ ಲೂರ್ದಮ್ಮ ಎದ್ದು ನಿಂತಳು. ಅಂಗನವಾಡಿಯಲ್ಲಿ ಅಡುಗೆ ಮಾಡಿಕೊಂಡು ತನ್ನಷ್ಟಕ್ಕೆ ಇರುವ ಹೆಂಗಸು ಅವಳು. ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ಫಾದರ್, ಬಟ್ಟೆ ಸುತ್ತೋಕ್ ಮುಂಚೆ ಮುಖ ನೋಡ್ದೋರು ಯಾರಾರ ಇದ್ರಾ?"

"ಅವರ ತಾಯಿ ಇದ್ದರಲ್ಲಮ್ಮ."

"ಅಂಗಾದ್ರೆ ಆವಮ್ಮನಿಗೆ ಈ ಪರೀಕ್ಷೆಯೆಲ್ಲ ಬೇಕಾಗಿರ್ನಿಲ್ಲ" ಎಂದವಳೇ ಕೂತುಬಿಟ್ಟಳು. ಕೆಲವರು ನಕ್ಕರು.

ಗಂಡ ಅರುಳಪ್ಪ ತೀರಿಹೋಗಿ ಆರು ವರ್ಷವಾಗಿತ್ತು. ಕಾವೇರಿಯಲ್ಲಿ ಮೀನಿಗೆ ಹೋದವನ ಹರಿಗೋಲು ಮಳೆಗಾಲದ ನೀರಿಗೆ ಮಗುಚಿತ್ತು. ವಾರ ಕಳೆದ ಮೇಲೆ ತಮಿಳುನಾಡಿನ ಕಡೆ ಹೆಣ ಸಿಕ್ಕಿತು. ಗಡಿಯ ಪಾಲಾರ್ ದಾಟಿ ಹೋಗಿ ಗುರುತು ಹಿಡಿದು ತಂದವನು ಗಂಡನ ಅಣ್ಣ ಸವರಿಯಪ್ಪ. ಬಿಳಿ ಬಟ್ಟೆಯಲ್ಲಿ ಬಿಗಿದು ಕಟ್ಟಿದ್ದ ಮೂಟೆಯನ್ನು ಬಿಚ್ಚಲು ಯಾರೂ ಬಿಡಲಿಲ್ಲ. ಲೂರ್ದಮ್ಮ ಆ ಬಟ್ಟೆಯ ಮೇಲೇ ಬಿದ್ದು ಅತ್ತಳು, ಮಣ್ಣು ಹಾಕಿದಳು. ಅಂದಿನಿಂದ ಎದೆಯೊಳಗೆ ಏನೋ ಒಂದು ಕೊರೆಯುತ್ತಲೇ ಇತ್ತು. ಈಗ ಅದು ಮಾತಾಗಿ ಹೊರಬಿದ್ದಿತ್ತು.

ಮಾರನೆಯ ಬೆಳಿಗ್ಗೆ ಅವಳು ಅಜ್ಜೀಪುರದ ಬಸ್ಸು ಹತ್ತಿದಳು. ಸವರಿಯಪ್ಪ ತನ್ನ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ನೋಡುತ್ತಿದ್ದ.

"ಬಾವ, ಅವತ್ತು ನೀವು ಅವರ ಮುಖ ನೋಡುದ್ರಾ?"

ಸವರಿಯಪ್ಪ ತಲೆಯೆತ್ತಲಿಲ್ಲ. "ಈಗ್ಯಾಕವ್ವ ಅದೆಲ್ಲ?"

"ನೋಡುದ್ರಾ ಇಲ್ವಾ, ಅಷ್ಟೇಳಿ."

"ಮುಖ ಅಂತ ಏನೂ ಉಳ್ದಿರ್ನಿಲ್ಲ. ಸರ್ಟು ನೋಡ್ದೆ. ನೀಲಿ ಚೌಕದ್ದು."

"ಅಂತಾ ಸರ್ಟು ಅನೂರು ಸಂತೇಲಿ ಯಾರ್ ಬೇಕಾದ್ರೂ ತಕತಾರೆ. ಕಾಲು ನೋಡ್ನಿಲ್ವಾ? ಎಡಗಾಲ ಎಬ್ಬೆಟ್ಟು ಮಚ್ಚೇಟಿಗೆ ತುಂಡಾಗಿತ್ತಲ್ಲ?"

ಅವನು ಟ್ಯೂಬು ಕೆಳಗಿಟ್ಟು ಕೈ ಒರೆಸಿಕೊಂಡ.

"ನೋಡ್ನಿಲ್ಲ ಕಣವ್ವ. ಬಟ್ಟೆ ಸರ್ಸಿ ನೋಡಿ ಅಂದ್ರು, ಬ್ಯಾಡ ಅಂದೆ. ನೀನು ಮನೇಲಿ ಅನ್ನ ನೀರು ಬುಟ್ಟು ಕೂತಿದ್ದೆ. ಆ ಬೆಟ್ಟು ನೆಟ್ಟಗೇ ಇದ್ಬುಟ್ಟಿದ್ರೆ? ಬರಿಗೈಲಿ ಎಂಗ್ ಬರ್ಲಿ ನಾನು?"

ಲೂರ್ದಮ್ಮನಿಗೆ ಅವನನ್ನು ಬೈಯಬೇಕೆನಿಸಿತು. ಆದರೆ ಬಸ್ಸಿಗೂ ಕಾಯದೆ ಬಿಸಿಲಿನಲ್ಲಿ ನಡೆದೇ ಹೊರಟಳು. ಹಾಗಾದರೆ ಅರುಳಪ್ಪ ಎಲ್ಲೋ ಬದುಕಿದ್ದಾನೆಯೇ? ಬದುಕಿದ್ದರೆ ಯಾಕೆ ಬರಲಿಲ್ಲ? ನೀರಿನಲ್ಲೇ ಕೊಳೆತುಹೋದನೇ?

ಊರಿನ ಫಾದರ್ ಎಲ್ಲವನ್ನೂ ಕೇಳಿಸಿಕೊಂಡರು. "ಸಮಾಧಿ ತೆಗೆಸಿ ಮೂಳೆ ಪರೀಕ್ಷೆ ಮಾಡಿಸಬಹುದು ಲೂರ್ದಮ್ಮ, ಮಗಳ ರಕ್ತ ಕೊಟ್ಟರೆ ಗೊತ್ತಾಗುತ್ತೆ. ಆದರೆ ಆರು ವರ್ಷ ಅಲ್ಲಿ ಪ್ರಾರ್ಥನೆ ಮಾಡಿದ್ದೀಯ. ಅದು ಅವನಿಗೆ ಸೇರದೆ ಇರುತ್ತಾ? ಹಾಗೇ ಬಿಡು."

ಅವಳಿಗೂ ಮೊದಲು ಅದೇ ಸರಿಯೆನ್ನಿಸಿತು. ಕೆಲವು ದಿನ ಹಾಗೇ ಇದ್ದಳು. ಮಕ್ಕಳಿಗೆ ಅನ್ನ ಬಡಿಸುತ್ತಿದ್ದ ಒಂದು ಮಧ್ಯಾಹ್ನ ಸೌಟು ಹಿಡಿದ ಕೈ ತಟ್ಟನೆ ನಿಂತಿತು. ಸಂಜೆ ಮಗಳಿಗೆ ಹೇಳಿದಳು: "ಅದು ನಿಮ್ಮಪ್ಪ ಅಲ್ದಿದ್ರೆ ಇನ್ಯಾರೋ ತಾನೆ? ಅವನ ತಾಯಿ ಎಲ್ಲಿ ಬಾಗಿಲು ತಕ್ಕಂಡು ಕಾಯ್ತಾ ಕೂತವ್ಳೋ. ಅವಳ ಮಗನ್ನ ನಾನು ಮಣ್ಣಿಗಾಕಿ ಮುಚ್ಚಿಟ್ಕಂಡಿವ್ನಿ. ಗೊತ್ತಿದ್ದೂ ಎಂಗ್ ಸುಮ್ನಿರ್ಲಿ?"

ಸಹಾಯಮೇರಿ ಅಮ್ಮನ ಪಕ್ಕ ಬಂದು ಕೂತಳು.

ಸಮಾಧಿ ತೆಗೆಸಬೇಕೆಂದು ಹನೂರಿನ ಠಾಣೆಗೆ ತಾಯಿ ಮಗಳು ಹೋದರು. ಹೇಳಿಕಳಿಸಿದ್ದರೂ ಸವರಿಯಪ್ಪ ಬರುವುದಿಲ್ಲ ಎಂದೇ ಲೂರ್ದಮ್ಮ ಅಂದುಕೊಂಡಿದ್ದಳು. ಅವನು ಒಗೆದ ಪಂಚೆ ಉಟ್ಟು ಅವರಿಗಿಂತ ಮೊದಲೇ ಗೇಟಿನ ಬಳಿ ನಿಂತಿದ್ದ.

"ಗುರುತು ಹಿಡಿದಿದ್ದು ನೀವೇ ಅಲ್ವೇನ್ರಿ?" ಎಂದರು ಇನ್ಸ್‌ಪೆಕ್ಟರ್.

"ಸುಳ್ಳೇಳ್ದೆ ಸಾ. ನಾನ್ ಏನೂ ನೋಡ್ನಿಲ್ಲ." ಲೂರ್ದಮ್ಮ ಅವನ ಕಡೆ ನೋಡಲಿಲ್ಲ. ಕುರ್ಚಿಯನ್ನು ಮಾತ್ರ ಅವನತ್ತ ಸರಿಸಿದಳು.

ಸಮಾಧಿ ತೆಗೆಯಲು ಕೊಳ್ಳೇಗಾಲದ ಎ.ಸಿ. ಆಫೀಸಿನ ಅಪ್ಪಣೆ ಬರಬೇಕು, ತಿಂಗಳುಗಟ್ಟಲೆ ಆಗಬಹುದು ಎಂದರು ಇನ್ಸ್‌ಪೆಕ್ಟರ್. ಊರಿಗೆ ಮರಳಿದ ಲೂರ್ದಮ್ಮ ಚರ್ಚಿಗೆ ಹೋಗಿ ಏಸುವಿನ ಮಾತೆಯ ಪ್ರತಿಮೆಯ ಮುಂದೆ ಮೊಣಕಾಲೂರಿದಳು. ಮಣ್ಣೊಳಗಿರುವುದು ಗಂಡನೇ ಆಗಿರಲಿ ಎಂದು ಬೇಡಿದರೆ ಅವನ ಸಾವನ್ನೇ ಬೇಡಿದಂತೆ. ಆಗಿರದಿರಲಿ ಎಂದರೆ ಯಾವಳೋ ತಾಯಿಯ ಮಗನ ಸಾವು. ಜಪಸರ ಕೈಯಲ್ಲೇ ಉಳಿಯಿತು. ಏನು ಬೇಡಬೇಕೋ ತೋಚದೆ ಸುಮ್ಮನೆ ಕೂತಳು.