ಐದು ಜನರ ಹಾಜರಿ

2008ರ ಜುಲೈಯಲ್ಲಿ ದೋಹಾದ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿಗೆ ಲಿಯು ಎಂಬ ಚೀನೀ ವೆಲ್ಡರನನ್ನು ತಂದು ಮಲಗಿಸಿದರು. ಅಲ್ ರಯ್ಯಾನ್ ಆಚೆ ಪೈಪ್‌ಲೈನ್ ಕೆಲಸದ ಐದು ಜನ ಇದ್ದ ಶೆಡ್ಡಿಗೆ ಬೆಂಕಿ ಬಿದ್ದಿತ್ತು. ನಾಲ್ವರು ಅಲ್ಲೇ ತೀರಿಕೊಂಡಿದ್ದರು. ಉಳಿದವನು ಲಿಯು ಒಬ್ಬ. ಅವನ ಎದೆ, ಬೆನ್ನು, ಬಲಗೈ ಸುಟ್ಟು ಹೋಗಿದ್ದವು.

ಅವನನ್ನು ನೋಡಿಕೊಳ್ಳುತ್ತಿದ್ದವಳು ನಮ್ಮ ಕರಾವಳಿ ಕಡೆಯ ಶಿರ್ವದ ನರ್ಸ್ ಜರ್ಟ್ರೂಡ್. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ. ಕಂಪೆನಿಯ ದುಭಾಷಿ ವಾರಕ್ಕೆರಡು ಸಲ ಬರುತ್ತಿದ್ದ. ಲಿಯು ಅವನಲ್ಲಿ ಮೊದಲು ಕೇಳಿದ್ದೇ ತನ್ನ ಜೊತೆಗಾರರ ಬಗ್ಗೆ. ಈಗಲೇ ಹೇಳಬೇಡಿ ಎಂದು ಡಾಕ್ಟರು ತಾಕೀತು ಮಾಡಿದ್ದರಿಂದ, ಅವರೆಲ್ಲ ಬೇರೆ ಆಸ್ಪತ್ರೆಯಲ್ಲಿದ್ದಾರೆಂದು ದುಭಾಷಿ ಹೇಳಿದ. ಲಿಯು ಜರ್ಟ್ರೂಡಳ ಮುಖ ನೋಡಿದ. ಅವಳೂ ಹೌದೆಂದು ತಲೆಯಾಡಿಸಿದಳು.

ಕ್ಯಾಂಪಿನಿಂದ ಯಾರೋ ಸಣ್ಣದೊಂದು ಡಿವಿಡಿ ಪ್ಲೇಯರ್ ತಂದುಕೊಟ್ಟಿದ್ದರು. ಅದರಲ್ಲಿದ್ದದ್ದು ಒಂದೇ ಚಿತ್ರ, ಅವನ ಅಪ್ಪನ ಕಾಲದ ಕಪ್ಪು ಬಿಳುಪಿನ ಯುದ್ಧದ ಕತೆ. ಹಿಮ ಬಿದ್ದ ಕಣಿವೆಯನ್ನು ಬೆರಳೆಣಿಕೆಯ ಸೈನಿಕರು ಕಾಯುತ್ತಾರೆ. ಎದುರಿಗೆ ಸಾವಿರಗಟ್ಟಲೆ ಶತ್ರುಗಳು. ಪ್ರತಿ ದಾಳಿಯ ನಂತರ ನಾಯಕ ಹಾಜರಿ ಕೇಳುತ್ತಾನೆ. ಬದುಕಿದವರು ಒಂದು, ಎರಡು, ಮೂರು ಎಂದು ಸರದಿಯಲ್ಲಿ ಕೂಗುತ್ತಾರೆ. ಸಲದಿಂದ ಸಲಕ್ಕೆ ಕೂಗು ಬೇಗ ಮುಗಿಯುತ್ತದೆ. ಡ್ರೆಸಿಂಗ್ ಬದಲಿಸುವಷ್ಟು ಹೊತ್ತು ಲಿಯು ಅದನ್ನೇ ನೋಡುತ್ತ ಹಲ್ಲು ಕಚ್ಚಿಕೊಂಡಿರುತ್ತಿದ್ದ. ವಾರದಲ್ಲಿ ಜರ್ಟ್ರೂಡಳಿಗೂ ಆ ಎಣಿಕೆ ಬಾಯಿಗೆ ಬಂತು: ಈ, ಅರ್, ಸಾನ್, ಸಿ, ವು. ತಪ್ಪಿದರೆ ಅವನು ತಿದ್ದುತ್ತಿದ್ದ.

ಹತ್ತನೇ ದಿನ ಅವನು ಡ್ರೆಸಿಂಗಿಗೆ ಒಪ್ಪಲಿಲ್ಲ. ಎಡಗೈಯ ನಾಲ್ಕು ಬೆರಳೆತ್ತಿ, ಬಾಗಿಲು ತೋರಿಸಿ, ಜೊತೆಗಾರರ ಬಳಿಗೆ ಕರೆದೊಯ್ಯಿರಿ ಎಂದು ಸನ್ನೆಯಲ್ಲೇ ಹಟ ಹಿಡಿದ. ಊಟ ಬಿಟ್ಟ. ಮರುದಿನ ಜ್ವರ ಏರಿತು, ಗಾಯ ವಾಸನೆ ಬರತೊಡಗಿತು. ರಕ್ತದೊತ್ತಡ ಕುಸಿದಿದ್ದರಿಂದ ಮಂಪರು ಮದ್ದು ಕೊಟ್ಟು ಡ್ರೆಸಿಂಗ್ ಮಾಡಿಸಲು ಡಾಕ್ಟರು ಹಿಂಜರಿದರು. ದುಭಾಷಿಯ ಫೋನ್ ಸ್ವಿಚ್ ಆಫ್ ಆಗಿತ್ತು.

ಜರ್ಟ್ರೂಡ್ ಟ್ರೇ ಬದಿಗಿಟ್ಟು ಅವನ ಪಕ್ಕ ಕೂತಳು. ಲಿಯು ತನ್ನ ಕಡೆಗೆ ಬೆರಳು ತೋರಿಸಿಕೊಂಡು, "ಈ," ಎಂದ. ಆಮೇಲೆ ಅವಳನ್ನೇ ನೋಡುತ್ತ ಕೇಳಿದ: "ಅರ್?"

ಇನ್ನೊಮ್ಮೆ ಸುಳ್ಳಾಡಲು ಅವಳಿಂದಾಗಲಿಲ್ಲ. ಇಲ್ಲವೆಂದು ತಲೆಯಲ್ಲಾಡಿಸಿದಳು.

"ಸಾನ್?"

ಇಲ್ಲ.

"ಸಿ?"

ಇಲ್ಲ. ಐದನೆಯದನ್ನು ಕೇಳುವಾಗ ಅವನ ತುಟಿ ಮಾತ್ರ ಅಲುಗಿತು. ಅವಳು ಅವನ ಎಡಗೈ ಹಿಡಿದುಕೊಂಡಳು. ಅವನ ಗಂಟಲಿನಿಂದ ಹೊರಟ ಸದ್ದಿಗೆ ಪಕ್ಕದ ಹಾಸಿಗೆಯ ನೇಪಾಳಿ ಎದ್ದು ಕೂತ. ಬಹಳ ಹೊತ್ತಿನ ಮೇಲೆ ಲಿಯು ತಾನೇ ಮಗ್ಗುಲಾಗಿ ಬೆನ್ನು ಒಡ್ಡಿದ. ಅವಳು ಕಣ್ಣೊರೆಸಿಕೊಂಡು ಬ್ಯಾಂಡೇಜು ಬಿಚ್ಚಿದಳು.

ಆದರೆ ನಂಜು ರಕ್ತಕ್ಕೆ ಇಳಿದಾಗಿತ್ತು. ಅಲ್ಲಿನ ವಾರದ ರಜೆಯ ದಿನವಾದ ಶುಕ್ರವಾರ ಅಬು ಹಮೂರಿನ ಇಗರ್ಜಿಯಲ್ಲಿ ಅವಳು ಪೂಜೆ ಮುಗಿದರೂ ಏಳಲಿಲ್ಲ. ಗಂಡ ಗೇಬ್ರಿಯಲ್ ಕಾರಿನಲ್ಲಿ ಮೆಲ್ಲಗೆ ಕೇಳಿದ: "ಡಾಕ್ಟರ್ ಬೇಡ ಅಂದ ಮೇಲೆ ನೀನ್ಯಾಕೆ ಹೇಳ್ಲಿಕ್ಕೆ ಹೋದದ್ದು?"

"ಮೊದಲು ಸುಳ್ಳು ಹೇಳಿದ್ದೇ ನಾವಲ್ವಾ?" ಎಂದಳು. "ಎರಡು ದಿನ ಹಾಳಾಯ್ತು. ಮೊದಲೇ ಹೇಳಿದ್ರೆ ನಂಜು ಏರ್ತಿರ್ಲಿಲ್ವೋ ಏನೋ."

ಭಾನುವಾರ ಮಧ್ಯಾಹ್ನ ಲಿಯು ತೀರಿಕೊಂಡ. ಹೆಡ್ ನರ್ಸ್ ಲಿಖಿತ ವಿವರಣೆ ಕೇಳಿದಾಗ, ಜೊತೆಗಾರರ ಸಾವು ತಿಳಿಸಿದ್ದು ನಾನೇ ಎಂದು ಬರೆದು ಸಹಿ ಹಾಕಿದಳು.

ಮರುದಿನ ಸಾಮಾನು ಒಯ್ಯಲು ಬಂದ ದುಭಾಷಿ ಮೊಬೈಲ್ ಹಿಡಿದೇ ವಾರ್ಡಿಗೆ ಬಂದ. ಅತ್ತ ಕಡೆ ಲಿಯುವಿನ ಹೆಂಡತಿ; ಆ ನಾಲ್ವರ ಸಾವು ಅವಳಿಗೆ ಆಗಲೇ ತಿಳಿದಿತ್ತು. ಜೊತೆಯವರು ಯಾರೂ ನೋಡಲು ಬರಲಿಲ್ಲವೆಂದು ಅವನು ನೊಂದುಕೊಂಡೇ ಹೋದನೇ ಎಂದು ಕೇಳುತ್ತಿದ್ದಾಳೆ ಎಂದ.

"ಇಲ್ಲ," ಎಂದಳು ಜರ್ಟ್ರೂಡ್. "ಅವರು ಯಾಕೆ ಬರ್ಲಿಲ್ಲ ಅಂತ ಅವನಿಗೆ ಗೊತ್ತಿತ್ತು."

ದುಭಾಷಿ ಅದನ್ನು ಚೀನೀ ಭಾಷೆಯಲ್ಲಿ ಹೇಳಿದ. ಅತ್ತಲಿಂದ ಅಳು ಕೇಳಿಸಿತು. ಅವನು ಫೋನನ್ನು ಜರ್ಟ್ರೂಡಳ ಕೈಗೆ ಕೊಟ್ಟ. ಆ ಅಳು ನಿಲ್ಲುವ ತನಕ ಅವಳು ಅದನ್ನು ಕಿವಿಗೆ ಒತ್ತಿ ಹಿಡಿದು ನಿಂತಳು.